ಒಪ್ಪಿಸಿಕೊಡುವ ಮಾತು

ಮೈಕು ಕಂಡರೆ ನನಗೆ ಕೆಮ್ಮು ಬರುತ್ತದೆ. ಕಾಯಿಲೆಯೇನಲ್ಲ. ಪಾಂಡವಪುರದ ಡಾಕ್ಟರು ಬೆನ್ನಿಗೊಮ್ಮೆ ಎದೆಗೊಮ್ಮೆ ಕೊಳವೆ ಇಟ್ಟು ನೋಡಿ, "ಗೌಡ್ರೇ, ನಿಮ್ಮ ಎದೆ ಇನ್ನೂ ಹೋರಿ ಇದ್ದಂಗೈತೆ" ಎಂದು ಕಳಿಸಿದ್ದಾರೆ. ಗದ್ದೆಯಲ್ಲಿ ಬಾರದ, ಬಸ್ಸಿನ ಧೂಳಿನಲ್ಲೂ ಬಾರದ ಕೆಮ್ಮು, ಯಾರಾದರೂ ಆ ಕಪ್ಪು ಗುಂಡುತಲೆಯ ಕೋಲನ್ನು ನನ್ನ ಮುಖದ ಕಡೆ ಚಾಚಿದರೆ ಎಲ್ಲಿಂದಲೋ ಓಡಿ ಬರುತ್ತದೆ.

ಮೊನ್ನೆ ನಮ್ಮೂರ ಹಾಲಿನ ಡೈರಿಯ ವಾರ್ಷಿಕ ಸಭೆಯಲ್ಲೂ ಹಾಗೇ ಆಯಿತು. ಹಳಬನೆಂದು ನನ್ನನ್ನೂ ವೇದಿಕೆ ಹತ್ತಿಸಿ, ಕಾರ್ಯದರ್ಶಿ "ಈಗ ಸಿದ್ದೇಗೌಡ್ರು ಎರಡು ಮಾತಾಡ್ತಾರೆ" ಎಂದುಬಿಟ್ಟ. ಕೆಮ್ಮಿದೆ. ನೀರು ಕುಡಿದೆ. ಮತ್ತೆ ಕೆಮ್ಮಿದೆ. ಕೊನೆಗೆ "ಎಲ್ಲರಿಗೂ ನಮಸ್ಕಾರ, ಊಟ ಆರೋಯ್ತದೆ ಏಳಿ" ಎಂದು ಕೂತೆ. ಜೋರು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ನನ್ನ ಜೊತೆಗಾರ ತಮ್ಮಯ್ಯ, "ಲೇ ಸಿದ್ದ, ಇವತ್ತಿನ ಸಭೇಲಿ ಬುದ್ಧಿ ಇರೋ ಮಾತಾಡ್ದೋನು ನೀನೊಬ್ನೇ ಕಣ್ಲಾ!" ಎಂದು ಕೂಗಿದ. ನಾನೂ ನಕ್ಕೆ. ಆದರೆ ಮನೆ ಕಡೆ ನಡೆಯುವಾಗ ನಗು ದಾರಿಯಲ್ಲೇ ಎಲ್ಲೋ ಉಳಿದುಹೋಗಿ, ಬೇರೊಂದು ದಿನದ ನೆನಪು ಜೊತೆಗೆ ಬಂತು. ಆ ದಿನವೂ ಹೀಗೇ ಕೆಮ್ಮಿದ್ದೆ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ನೆಟ್ಟಗೆ ಹೇಳಿ ರೂಢಿಯಿಲ್ಲ, ಸುತ್ತಿ ಬಳಸಿ ಬರುತ್ತೇನೆ, ನೀವು ಸ್ವಲ್ಪ ತಾಳಿಕೊಳ್ಳಬೇಕು.

ಮಾತು ಬಾರದವನು ಎಂದು ಮಾತ್ರ ತಿಳಿಯಬೇಡಿ. ನಾನು ಆಲೆಮನೆಯವನು. ಕಬ್ಬು ಅರೆಯುವ ಗಾಣದ ಪಕ್ಕ ನಿಂತು ಹುಡುಗುತನದಿಂದ ಕೂಗಿ ಕೂಗಿ ಬೆಳೆದ ಗಂಟಲು ಇದು. ನಾನು ಪಿಸುಗುಟ್ಟಿದರೂ ಪಕ್ಕದ ಮನೆಯವರು "ಏನು" ಎಂದು ಕೇಳುತ್ತಾರೆ. ಅರಕೆರೆಯಲ್ಲಿರುವ ನಾದಿನಿಗೆ ನಾನು ಫೋನು ಮಾಡುವಾಗೆಲ್ಲ ನನ್ನ ಹೆಂಡತಿ, "ಫೋನು ಯಾಕೆ ದಂಡ? ಕಿಟಕಿ ತೆಗುದು ಅಂಗೇ ಮಾತಾಡಿ, ಅರಕೆರೆಗೇ ಕೇಳಿಸ್ತದೆ" ಎನ್ನುತ್ತಾಳೆ. ಮಾತಿಗೆ ಬರವಿಲ್ಲ. ಜನ ಎಲ್ಲ ಸುಮ್ಮನೆ ಕೂತು ನನ್ನೊಬ್ಬನ ಬಾಯಿಯನ್ನೇ ನೋಡತೊಡಗಿದರೆ ಮಾತ್ರ ಆ ಮಾತುಗಳೆಲ್ಲ ಹಗ್ಗ ಬಿಚ್ಚಿದ ಕರುಗಳಂತೆ ದಿಕ್ಕಾಪಾಲಾಗುತ್ತವೆ.

ಇದು ನಾಲ್ಕನೇ ತರಗತಿಯಿಂದ ಬಂದ ಶಾಪವೆಂದು ನನ್ನ ಅನುಮಾನ. ಸ್ವಾತಂತ್ರ್ಯ ದಿನಾಚರಣೆಗೆ ಮೇಷ್ಟ್ರು ಒಂದು ಭಾಷಣ ಬಾಯಿಪಾಠ ಮಾಡಿಸಿದ್ದರು. ಅಣ್ಣನ ಅಂಗಿ ಹಾಕಿಕೊಂಡು, ತಲೆಗೆ ಹರಳೆಣ್ಣೆ ಬಳಿದುಕೊಂಡು ನಿಂತೆ. "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುಗಳೇ" ಎಂದೆ. ಮುಂದಿನದು ಹೋಯಿತು. ಮತ್ತೆ ಅಧ್ಯಕ್ಷರಿಂದ ಶುರು ಮಾಡಿದೆ, ಗುರುಗಳ ಹತ್ತಿರ ಬಂದು ನಿಂತೆ. ಅಧ್ಯಕ್ಷರು ಪಾಪ, ಪ್ರತಿ ಸಲ ಹೆಸರು ಬಂದಾಗಲೂ ತಲೆಯಾಡಿಸುತ್ತಿದ್ದರು. ಕೊನೆಗೆ ನೆನಪಿದ್ದ ಇನ್ನೊಂದೇ ಸಾಲು, "ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ" ಎಂಬುದನ್ನು ಹೇಳಿ ಓಡಿದೆ. ಮೇಷ್ಟ್ರು ಹೊಡೆಯಲಿಲ್ಲ. ಮಿಠಾಯಿ ಹಂಚುವಾಗ ನನ್ನ ಕೈಗೆ ಒಂದು ಹೆಚ್ಚು ಹಾಕಿದರು. ಆ ಕರುಣೆ ಏಟಿಗಿಂತ ಜೋರಾಗಿ ಬಿತ್ತು.

ಏಳನೇ ತರಗತಿಗೆ ಶಾಲೆ ಬಿಟ್ಟೆ. ಅಪ್ಪ ಸೊಂಟ ಹಿಡಿದು ಮಲಗಿದ, ಅಣ್ಣ ಬೋರೇಗೌಡ ಆಗಲೇ ಆಲೆಮನೆಯಲ್ಲಿದ್ದ, ನಾನೂ ಹೋದೆ. ಓದಿದ್ದರೆ ಏನಾಗುತ್ತಿದ್ದೆನೋ ಎಂದು ಯಾರಾದರೂ ಮರುಗಲು ಬಂದರೆ ನನಗೆ ಸಿಟ್ಟು ಬರುತ್ತದೆ. ಬಿಸಿ ಪಾಕದ ಮುಂದೆ ನಿಂತು ಮನೆ ಕಟ್ಟಿದ್ದೇವೆ, ತಂಗಿಯರ ಮದುವೆ ಮಾಡಿದ್ದೇವೆ. ನಮ್ಮ ಬೆಲ್ಲದ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ ಯಾರೂ ಮುಖ ತಿರುವಿದ್ದಿಲ್ಲ. ಮರುಕ ಬೇಡ.

ಆದರೂ ಒಳ್ಳೆಯ ಭಾಷಣ ಕೇಳುವುದೆಂದರೆ ನನಗೆ ಆಸೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನಮಗೆ ನೆಂಟರಿಲ್ಲದ ಊರು ಕಡಿಮೆ. ಮದುವೆ, ತಿಥಿ, ಗೃಹಪ್ರವೇಶ, ಎಲ್ಲಿಗೆ ಹೋದರೂ ಈಗ ಒಂದು ಮೈಕು ಇದ್ದೇ ಇರುತ್ತದೆ, ಅದರ ಹಿಂದೆ ಒಬ್ಬರು ಇದ್ದೇ ಇರುತ್ತಾರೆ. "ಕೊನೆಯದಾಗಿ" ಎಂದು ಶುರು ಮಾಡಿ ಅಲ್ಲಿಂದ ಮತ್ತೊಂದು ಭಾಷಣ ಎತ್ತುವವರನ್ನು ಕಂಡಿದ್ದೇನೆ. ಸತ್ತವನ ಭಾವಚಿತ್ರದ ಮುಂದೆ ನಿಂತು ತನ್ನ ಚುನಾವಣೆಯ ಮಾತನ್ನೇ ಆಡಿ ಇಳಿದವರನ್ನು ಕಂಡಿದ್ದೇನೆ. ಅವರೆಲ್ಲ ಹೇಳಿದ್ದರಲ್ಲಿ ಒಂದು ಮಾತೂ ನನ್ನ ಜೊತೆ ಬಸ್ಸು ಹತ್ತಿಲ್ಲ.

ಬಸ್ಸು ಹತ್ತಿ ಮನೆವರೆಗೂ ಬಂದ ಮಾತುಗಳೆಂದರೆ ಅಣ್ಣನವು.

ನಮ್ಮಲ್ಲಿ ಮದುವೆ ಎಲ್ಲ ಮುಗಿದು, ಹೆಣ್ಣನ್ನು ಗಂಡಿನ ಮನೆಗೆ ಕಳಿಸುವ ಹೊತ್ತಿನಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರವಿದೆ. ಎರಡೂ ಕಡೆಯವರು ಎದುರುಬದುರು ನಿಲ್ಲುತ್ತಾರೆ. ಹೆಣ್ಣಿನ ಕಡೆಯ ಹಿರಿಯನೊಬ್ಬ ಬೀಗರಿಗೆ ನಾಲ್ಕು ಮಾತು ಹೇಳಿ ಹುಡುಗಿಯ ಕೈಯನ್ನು ಅವರ ಕೈಗೆ ಕೊಡುತ್ತಾನೆ. ಬಹಳ ಜನ ಅದನ್ನು "ನಮ್ಮ ಮಗಳು ಇನ್ಮೇಲೆ ನಿಮ್ಮ ಮಗಳು" ಎಂದು ಹೇಳಿ ಮುಗಿಸುತ್ತಾರೆ. ಅಣ್ಣ ಹಾಗೆ ಮಾಡಿದವನಲ್ಲ. ಊರಿನಲ್ಲಿ ಯಾರ ಮನೆಯ ಹೆಣ್ಣಾಗಲಿ, ಒಪ್ಪಿಸುವ ಮಾತು ಬೋರೇಗೌಡನದೇ ಆಗಬೇಕು. ಮದುವೆಗೆ ಒಂದು ವಾರ ಇದೆ ಎನ್ನುವಾಗ ಆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಒಂದು ಲೋಟ ಕಾಫಿ ಹಿಡಿದುಕೊಂಡು, ಹುಡುಗಿ ಒಳಗೆ ಹೊರಗೆ ಓಡಾಡುವುದನ್ನು ಸುಮ್ಮನೆ ನೋಡಿಕೊಂಡು ಬರುತ್ತಿದ್ದ. ಅಷ್ಟೇ ಅವನ ತಯಾರಿ.

ಬೂಕನಕೆರೆ ಕಡೆಗೆ ಕೊಟ್ಟ ಒಂದು ಹುಡುಗಿಯನ್ನು ಒಪ್ಪಿಸುವಾಗ ಅವನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಬೀಗ್ರೇ, ಈ ಮಗ ಇಷ್ಟ್ ದಿನ ನಮ್ಮೂರ್ ನೀರ್ ಕುಡ್ದು ಬೆಳೀತು. ನಾಳಿಂದ ನಿಮ್ಮೂರ್ ನೀರು. ನೀರು ಬದಲಾದ್ರೆ ಯಾರ್ಗಾದ್ರೂ ಒಂದೆರಡ್ ದಿನ ನೆಗಡಿ ಆಯ್ತದೆ. ಆ ಒಂದೆರಡ್ ದಿನ ಮುಖ ಸಣ್ಣ ಮಾಡ್ಕಂಡಿದ್ರೆ ಬಯ್ಬ್ಯಾಡಿ." ಇನ್ನೊಬ್ಬಳಿಗೆ, "ಇವ್ಳು ಒಬ್ಳೇ ಉಂಡವ್ಳಲ್ಲ. ತಟ್ಟೆ ಮುಂದೆ ಕೂತಾಗ ಪಕ್ಕದಲ್ಲಿ ಒಬ್ರು ಕೂತ್ಕಳಿ, ಉಣ್ದೆ ಇದ್ರೂ ಚಿಂತಿಲ್ಲ." ಕೇಳಿದ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು, ಗಂಡಸರು ಟವಲ್ಲು ಕೊಡವುವ ನೆಪದಲ್ಲಿ ಆ ಕಡೆ ತಿರುಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ತವರಿಗೆ ಬಂದ ಹೆಣ್ಣುಮಕ್ಕಳು ಅಣ್ಣನನ್ನು ಕಂಡರೆ ತಮ್ಮ ಮಾತನ್ನು ಅವನಿಗೇ ಒಪ್ಪಿಸಿ ನಗುತ್ತಿದ್ದರು.

ಅಂಥ ಅಣ್ಣನಿಗೆ ಒಂದು ಬೆಳಿಗ್ಗೆ ಆಲೆಮನೆಯಲ್ಲಿ ಲಕ್ವ ಹೊಡೆಯಿತು. ಮೈಸೂರಿಗೆ ಹೊತ್ತುಕೊಂಡು ಓಡಿದೆವು. ಜೀವ ಉಳಿಯಿತು. ಕಾಲು ಕೋಲಿನ ಮೇಲೆ ಬಂತು. ಬಲಗೈ ಅರ್ಧ ಬಂತು, ಬರೆಯುವಷ್ಟಲ್ಲ. ಮಾತು ಬರಲಿಲ್ಲ. ಬಾಯಿ ತೆರೆದರೆ ಒಂದೇ ಒಂದು ಸದ್ದು ಬರುತ್ತಿತ್ತು, ಅದನ್ನು ಕೇಳಿ ಅವನೇ ಬೆಚ್ಚಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಕೆಲವು ದಿನದ ಮೇಲೆ ಆ ಸದ್ದನ್ನೂ ನಿಲ್ಲಿಸಿಬಿಟ್ಟ. ಯಾರಾದರೂ ನೋಡಲು ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಕೈಬಾಯಿ ಆಡಿಸಿ ತೋರಿಸು ಎಂದರೆ ಮುಖ ಗಂಟಿಕ್ಕುತ್ತಿದ್ದ. ಮಾತಿನಿಂದಲೇ ಊರಿಗೆ ದೊಡ್ಡವನಾಗಿದ್ದವನು ನಾಲ್ಕು ಜನರ ಮುಂದೆ ಸನ್ನೆ ಮಾಡಿ ನೀರು ಕೇಳುವುದಕ್ಕಿಂತ ಬಾಯಾರಿಕೊಂಡೇ ಇರುತ್ತೇನೆ ಎಂದುಕೊಂಡಂತಿತ್ತು. ಆಲೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಅದು ನನ್ನ ಪಾಲಿಗೆ ಬಂತು.

ಅಣ್ಣನಿಗೆ ಒಬ್ಬಳೇ ಮಗಳು, ಸೌಮ್ಯ. ಶ್ರೀರಂಗಪಟ್ಟಣದ ಒಂದು ಆಸ್ಪತ್ರೆಯಲ್ಲಿ ನರ್ಸು. ನಾಗಮಂಗಲದ ಕಡೆ ಸಂಬಂಧ ಕೂಡಿಬಂತು. ಹುಡುಗ ಕರೆಂಟಿನ ಕೆಲಸದಲ್ಲಿದ್ದಾನೆ, ಅವನ ಅಪ್ಪ ನಂಜೇಗೌಡರು ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಒಳ್ಳೆಯ ಜನ. ಗಂಜಾಂನ ನಿಮಿಷಾಂಬ ಗುಡಿಗೆ ಹೋಗಿ ಲಗ್ನಪತ್ರಿಕೆ ಇಟ್ಟು ಪೂಜೆ ಮಾಡಿಸಿಕೊಂಡು ಬಂದ ದಿನ ಸೌಮ್ಯ ನನ್ನನ್ನು ಹಿತ್ತಲಿಗೆ ಕರೆದಳು.

"ಚಿಕ್ಕಪ್ಪ, ಒಪ್ಸೋ ದಿನ ಮಾತಾಡೋರ್ ಯಾರು?"

"ನಾನಿವ್ನಲ್ಲವ್ವ. ನಾಕ್ ಮಾತ್ ಯೋಳಿ ಮುಗುಸ್ತೀನಿ."

"ನಿನ್ ಮಾತು ಬ್ಯಾಡ."

ನನಗೆ ಸ್ವಲ್ಪ ಚುಚ್ಚಿತು. "ಯಾಕವ್ವ, ನಂಗೇನ್ ಬಾಯಿಲ್ವಾ?"

"ಅಂಗಲ್ಲ ಚಿಕ್ಕಪ್ಪ. ಊರ್ ಎಣ್ಮಕ್ಕಳ್ಗೆಲ್ಲ ಅಪ್ಪ ಒಂದೊಂದು ಮಾತು ಕೊಟ್ಟು ಕಳುಸ್ತು. ಚಿಕ್ಕೋಳಿದ್ದಾಗಿಂದ ನಾನು ಅದನ್ನೇ ಕಾಯ್ತಾ ಕೂತಿದ್ದೆ, ನಂಗೇನು ಯೋಳ್ತದೋ ಅಂತ. ಅಪ್ಪ ಏನ್ ಅಂತಿತ್ತೋ ಅದನ್ನ ತಿಳ್ಕಂಡು ಯೋಳು. ಅದಿಲ್ದೆ ನಾನು ಬರಿಗೈಲಿ ಹೋದಂಗಾಯ್ತದೆ."

ಅವಳು ಅಳಲಿಲ್ಲ. ನರ್ಸಿನ ಕೆಲಸ ಅವಳಿಗೆ ಅಷ್ಟು ಗಟ್ಟಿತನ ಕೊಟ್ಟಿದೆ. ನಾನೇ ಕರಿಬೇವಿನ ಗಿಡದ ಎಲೆ ಕಿತ್ತು ಕಿತ್ತು ಬೋಳು ಮಾಡಿದೆ.

ಅಣ್ಣನನ್ನು ಕೇಳಲು ಹೋದೆ. ಪಕ್ಕ ಕೂತು, "ಅಣ್ಣಯ್ಯ, ಸೌಮ್ಯನ್ನ ಒಪ್ಸುವಾಗ ಏನ್ ಅನ್ಬೇಕು ಯೋಳು. ಎಂಗಾರ ಮಾಡಿ ಯೋಳು" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಗೋಡೆ ಕಡೆ ತಿರುಗಿಕೊಂಡ. ಮತ್ತೊಂದು ದಿನ ಕೇಳಿದೆ, ಅದೇ ಗೋಡೆ. ಮೂರನೇ ಸಲ ಹೊರಟಾಗ ಅತ್ತಿಗೆ ಬಾಗಿಲಲ್ಲೇ ತಡೆದಳು.

"ಬುಡಪ್ಪ ಸಿದ್ದ, ಕೇಳ್ಬ್ಯಾಡ. ನೀನ್ ಕೇಳಿದ್ ದಿನ ಅವ್ರು ಅನ್ನ ಮುಟ್ಟಾಕಿಲ್ಲ."

"ಮಗೀಗೆ ಏನತ್ಗೆ ಯೋಳ್ಲಿ?"

"ಏನಾರ ಯೋಳು. ಅಪ್ಪ ಯೋಳುದ್ದು ಅನ್ನು. ಅದ್ಕೇನ್ ಗೊತ್ತಾಯ್ತದೆ?"

ಅತ್ತಿಗೆಗೂ ಗೊತ್ತಿತ್ತು, ಗೊತ್ತಾಗುತ್ತದೆ ಎಂದು. ಹೇಳಿ ಕಣ್ಣೊರೆಸಿಕೊಂಡು ಒಲೆ ಕಡೆ ಹೋದಳು.

ದಾರಿ ಕಾಣದೆ ಪಾಂಡವಪುರದ ಒಬ್ಬ ಕನ್ನಡ ಮೇಷ್ಟ್ರ ಹತ್ತಿರ ಹೋದೆ. ನಮ್ಮ ಬೆಲ್ಲದ ಗಿರಾಕಿ, ಸಾಧು ಮನುಷ್ಯ. ಒಂದು ಹಾಳೆ ತುಂಬ ಬರೆದುಕೊಟ್ಟರು. ಹೆಣ್ಣು ಎರಡು ಮನೆಗೆ ಬೆಳಕು, ತಾಳ್ಮೆಯ ಕಡಲು, ಸಹನೆಯ ಭೂಮಿ, ಎಲ್ಲ ಇತ್ತು. ಓದಿದರೆ ಚೆನ್ನಾಗಿತ್ತು. ಯಾವ ಹೆಣ್ಣಿಗೆ ಹೇಳಿದರೂ ಸರಿಹೋಗುತ್ತಿತ್ತು, ಅದೇ ಅದರ ತೊಡಕು ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಇನ್ನೇನು ಮಾಡಲಿ? ಆಲೆಮನೆಯಲ್ಲಿ ಗಾಣ ತಿರುಗುತ್ತಿರುವಾಗ ಅದರ ಪಕ್ಕದಲ್ಲೇ ನಿಂತು ಬಾಯಿಪಾಠ ಮಾಡಿದೆ. ನನ್ನ ದನಿ ನನಗೇ ಕೇಳಬೇಕಲ್ಲ, ಎದೆ ಬಿಚ್ಚಿ ಕೂಗುತ್ತಿದ್ದೆ. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಆಳುಗಳು, "ಗೌಡ್ರು ಕಬ್ಬಿಗೆ ಬುದ್ಧಿ ಯೋಳ್ತಾವ್ರೆ, ಅದ್ಕೇ ಇವತ್ತು ರಸ ಜಾಸ್ತಿ ಬುಡ್ತಾ ಅದೆ" ಎಂದು ನಕ್ಕರು.

ಮದುವೆ ಪಾಂಡವಪುರದ ಛತ್ರದಲ್ಲಿ. ಅಣ್ಣ ಬಂದ. ಧಾರೆಗೆ ಅವನು ಬರಲೇಬೇಕಿತ್ತು. ಹೊಸ ಪಂಚೆ, ಹೆಗಲ ಮೇಲೆ ಟವಲ್ಲು, ತಲೆ ತಗ್ಗಿಸಿ ಕೂತ. ಅತ್ತಿಗೆ ಅವನ ಕೈಯ ಕೆಳಗೆ ತನ್ನ ಕೈ ಕೊಟ್ಟು ಧಾರೆ ಎರೆಸಿದಳು. ನೆಂಟರು ಬಂದು ಮಾತಾಡಿಸಿದರೆ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ಊಟವಾಯಿತು. ಒಪ್ಪಿಸುವ ಹೊತ್ತು ಬಂತು. ಆ ಕಡೆ ನಂಜೇಗೌಡರು, ಅವರ ಹೆಂಡತಿ, ಮದುಮಗ. ಈ ಕಡೆ ನಾವು. ಅಣ್ಣನಿಗೆ ನಿಲ್ಲಲಾಗದೆಂದು ಕುರ್ಚಿ ಹಾಕಿದ್ದೆವು. ಸೌಮ್ಯ ಅವನ ಪಕ್ಕ ನಿಂತಿದ್ದಳು. ಊಟ ಮುಗಿಸಿ ಹೊರಟಿದ್ದವರೂ ಚಪ್ಪಲಿ ಬಿಟ್ಟು ಒಳಗೆ ಬಂದರು, ಬೋರೇಗೌಡನ ಮಗಳನ್ನು ಯಾರು ಒಪ್ಪಿಸುತ್ತಾರೆ, ಹೇಗೆ ಒಪ್ಪಿಸುತ್ತಾರೆ ಎಂದು ನೋಡಲು.

ಮೈಕು ನನ್ನ ಕೈಗೆ ಬಂತು. ಕೆಮ್ಮು ಬಂತು. ಸೌಮ್ಯ ನನ್ನನ್ನೇ ನೋಡುತ್ತಿದ್ದಳು. ಜೇಬಿನ ಹಾಳೆ ಬಿಚ್ಚಿ, ಗಾಣದ ಪಕ್ಕ ಕಲಿತ ಹಾಗೆಯೇ ಶುರು ಮಾಡಿದೆ.

"ಆತ್ಮೀಯ ಬಂಧು ಬಾಂಧವರೇ!"

ಛತ್ರ ಅದುರಿತು. ಮೈಕಿನ ಸ್ಪೀಕರ್ ಪೆಟ್ಟಿಗೆಗಳು ಕೀರಿಟ್ಟವು. ತೊಟ್ಟಿಲ ಕೂಸೊಂದು ಕಿಟಾರನೆ ಕಿರುಚಿತು. ಹಿಂದಿನಿಂದ ತಮ್ಮಯ್ಯ, "ಲೇ ಸಿದ್ದ, ಎಣ್ಣನ್ನ ಕೊಡ್ತಾ ಇದ್ದೀಯೋ ಯುದ್ಧಕ್ಕೆ ಕರೀತಾ ಇದ್ದೀಯೋ?" ಎಂದ. ಎಲ್ಲರೂ ನಕ್ಕರು. ನಾನು ಇನ್ನೂ ಗಟ್ಟಿಯಾಗಿ ಎರಡನೇ ಸಾಲು ಎತ್ತಿದೆ.

ಆಗ ಅಣ್ಣನ ಎಡಗೈ ಮೊಣಕಾಲಿನಿಂದ ಮೇಲೆದ್ದಿತು. ಅಂಗೈ ಕೆಳಮುಖ ಮಾಡಿ, ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದ. ನನ್ನ ದನಿ ತಾನಾಗಿಯೇ ತಗ್ಗಿತು.

ಏನಾಯಿತೆಂದು ನನಗೇ ತಿಳಿದದ್ದು ಒಂದು ಗಳಿಗೆಯ ಮೇಲೆ. ಅದು "ಉರಿ ಕಡಿಮೆ ಮಾಡು" ಎಂಬ ಸನ್ನೆ. ಗಾಣ ತಿರುಗುವಾಗ ಒಲೆ ಬಾಯಿಯಲ್ಲಿ ಕೂತವನಿಗೆ ಪಾಕದ ಕೊಪ್ಪರಿಗೆ ಹತ್ತಿರ ನಿಂತವನ ಮಾತು ಕೇಳುವುದಿಲ್ಲ. ಕೂಗಿ ಸುಸ್ತಾದ ಆಲೆಮನೆಯವರೆಲ್ಲ ಕೈಯಲ್ಲೇ ಮಾತಾಡುವುದನ್ನು ಕಲಿತಿರುತ್ತಾರೆ. ಉರಿಗೆ ಒಂದು ಸನ್ನೆ, ಸುಣ್ಣಕ್ಕೆ ಒಂದು, ನೊರೆ ಉಕ್ಕಿದರೆ ಒಂದು, ಹದಕ್ಕೆ ಒಂದು. ನಾನೂ ಅಣ್ಣನೂ ಅರ್ಧ ಆಯಸ್ಸನ್ನು ಹಾಗೇ ಮಾತಾಡಿಕೊಂಡು ಕಳೆದವರು. ಆದರೆ ಅದು ಬೆಂಕಿಗೂ ಬೆಲ್ಲಕ್ಕೂ ಇದ್ದ ಮಾತು. ಮನೆಯೊಳಗೆ, ಮಂಚದ ಪಕ್ಕದಲ್ಲಿ, ಮಗಳ ವಿಚಾರಕ್ಕೆ ಅದು ಬಂದೀತೆಂದು ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಕ್ಕಿಲ್ಲ. ಈಗಲೂ ಅವನು ಬೇಕೆಂದು ಕೈ ಎತ್ತಿರಲಿಲ್ಲ. ತಮ್ಮ ಅತಿಯಾಗಿ ಉರಿಯುತ್ತಿದ್ದಾನೆ ಎಂದು ಕಂಡಾಗ ಅವನ ಕೈ ತಾನೇ ಎದ್ದಿತ್ತು.

ಅವನು ನನ್ನನ್ನು ನೋಡಿದ. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ಸಲ ನೆಟ್ಟಗೆ ನೋಡಿದ್ದು.

ಹಾಳೆ ಮಡಿಸಿದೆ. ಅವನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಣ್ಣಯ್ಯ, ನೀನು ಯೋಳು. ನಾನು ಕೂಗ್ತೀನಿ" ಎಂದೆ.

ಅವನು ಸುತ್ತ ಕಣ್ಣಾಡಿಸಿದ. ಇಡೀ ಛತ್ರ ಅವನ ಕೈಯನ್ನೇ ನೋಡುತ್ತಿತ್ತು. ಇವನು ಈಗ ಎದ್ದು ಹೋಗುತ್ತಾನೆ ಎಂದುಕೊಂಡೆ. ಕೋಲಿನ ಕಡೆ ಕೈ ಹೋಗಿಯೂ ಹೋಯಿತು. ಸೌಮ್ಯ ಆ ಕೋಲನ್ನು ಮೆಲ್ಲಗೆ ತೆಗೆದು ಅವ್ವನ ಕೈಗೆ ಕೊಟ್ಟಳು. ಅಣ್ಣ ಮಗಳ ಮುಖ ನೋಡಿದ. ಆಮೇಲೆ ಅವಳನ್ನು ಬೆರಳಿಂದ ತೋರಿಸಿ, ಅಂಗೈ ಮೇಲೆ ಮಾಡಿ ಸರ್ರನೆ ಮೇಲಕ್ಕೆತ್ತಿದ, ನೊರೆ ಉಕ್ಕುತ್ತಿದೆ ಎಂಬ ಸನ್ನೆ. ಮತ್ತೆ ಅದೇ ಕೈಯನ್ನು ತನ್ನ ಎದೆಗೆ ತಂದು ಅಲ್ಲೇ ನಿಲ್ಲಿಸಿದ, ಹತ್ತಿರವೇ ನಿಂತಿರು ಎಂಬುದು.

"ಬೀಗ್ರೇ, ನಮ್ಮಣ್ಣ ಯೋಳ್ತಾವ್ನೆ ಕೇಳಿ" ಎಂದೆ. ದನಿ ಅದೆಷ್ಟು ಮೆತ್ತಗೆ ಬಂತೆಂದರೆ ನನ್ನದೇ ಎಂದು ನಂಬಿಕೆ ಬರಲಿಲ್ಲ. "ಇವ್ಳು ಉಕ್ತಾಳೆ. ಸಿಟ್ಟು ಬಂದ್ರೆ ನೊರೆ ಬಂದಂಗೆ ಬತ್ತದೆ. ಆಗ ಉರಿ ಆಕ್ಬ್ಯಾಡಿ, ಬುಟ್ಟು ಓಡ್ಲೂಬ್ಯಾಡಿ. ಹತ್ರ ನಿಂತಿರಿ. ತಾನಾಗೇ ಇಳೀತಾಳೆ."

ಹೆಣ್ಣಿನ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ನಿಜವಿತ್ತು. ಸೌಮ್ಯ, "ಅಪ್ಪೋ!" ಎಂದು ನಾಚಿ ಅಣ್ಣನ ಹೆಗಲು ಹಿಡಿದಳು. ಅಣ್ಣನ ತುಟಿಯ ಒಂದು ಬದಿ ಅಲುಗಿತು.

ಮತ್ತೆ ಕೈ ಎದ್ದಿತು. ಹೆಬ್ಬೆರಳು ತೋರುಬೆರಳು ಸೇರಿಸಿ ಚಿಟಿಕೆ. ಇದು ಸುಣ್ಣದ ಸನ್ನೆ. ಕೊಳೆ ತೆಗೆಯಲು ಕುದಿಯುವ ರಸಕ್ಕೆ ಹಾಕುವುದು. ಅದನ್ನು ಹುಡುಗಿಗೆ ಹೇಗೆ ಹೊಂದಿಸುವುದೆಂದು ತಿಳಿಯದೆ ನಾನು ತಡಬಡಿಸಿ, "ಇವ್ಳು ಸಾರಿಗೆ ಉಪ್ಪು ಕಮ್ಮಿ ಆಕ್ತಾಳಂತೆ" ಎಂದುಬಿಟ್ಟೆ. ಅಣ್ಣ ತೊಡೆಯ ಮೇಲೆ ಫಟೀರನೆ ಹೊಡೆದ. ನನ್ನ ಕಡೆ ಹಳೆಯ ಕಾಲದ ನೋಟ ಬಿಟ್ಟ. ಅರೆ ಹದದಲ್ಲಿ ಕೊಪ್ಪರಿಗೆ ಇಳಿಸಿದಾಗ ಬಿಡುತ್ತಿದ್ದನಲ್ಲ, ಅದೇ ನೋಟ. ಮತ್ತೆ ಚಿಟಿಕೆ ತೋರಿಸಿ, ಬೊಗಸೆಯಷ್ಟು ತೋರಿಸಿ, ತಲೆಯಾಡಿಸಿ, ಮುಖ ಕಿವುಚಿದ.

"ಅಲ್ವಂತೆ, ನಂದು ತಪ್ಪಾಯ್ತು" ಎಂದೆ. ಜನ ನಕ್ಕರು, ಅತ್ತಿಗೆಯೂ ನಕ್ಕಳು. "ಬುದ್ಧಿ ಯೋಳೋದಾದ್ರೆ ಒಂದ್ ಚಿಟಿಕೆ ಸಾಕಂತೆ. ಒಳ್ಳೇದೇ ಅಂತ ಬೊಗಸೆ ತುಂಬ ಸುಣ್ಣ ಆಕುದ್ರೆ ಬೆಲ್ಲ ಕಪ್ಪಾಗ್ಬುಡ್ತದೆ. ಒಂದ್ ಸಲ ಯೋಳಿ, ಸುಮ್ನಾಗಿ."

ನಂಜೇಗೌಡರ ಹೆಂಡತಿ ಹೌದೆಂದು ತಲೆದೂಗಿದರು.

ಆಮೇಲೆ ಅಣ್ಣ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಈ ಸನ್ನೆ ಬಂದರೆ ಆಲೆಮನೆಯಲ್ಲಿ ಗಾಣ ನಿಲ್ಲಿಸಿಬಿಡುತ್ತಿದ್ದೆವು. ಪಾಕ ಹದಕ್ಕೆ ಬರುವಾಗ ಕುದಿಯುವ ಸದ್ದು ಬದಲಾಗುತ್ತದೆ. ಗಳಗಳ ಎನ್ನುತ್ತಿದ್ದದ್ದು ದಪ್ಪಗಾಗಿ ಒಳಗೊಳಗೇ ಗೊಣಗತೊಡಗುತ್ತದೆ. ಅದನ್ನು ಕೇಳದೆ ಹೋದರೆ ತಳ ಹಿಡಿದ ಮೇಲೆಯೇ ತಿಳಿಯುವುದು. ಅಣ್ಣ ಕಿವಿಯ ಮೇಲಿನ ಕೈ ತೆಗೆಯದೆ ಮಗಳ ಕಡೆ ಗದ್ದ ಎತ್ತಿದ. ಛತ್ರ ತಾನಾಗಿಯೇ ಸುಮ್ಮನಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದಷ್ಟೇ ಉಳಿಯಿತು.

"ಕಷ್ಟ ಬಂದ್ರೆ..." ಎಂದು ನಿಲ್ಲಿಸಿದೆ. "ಕಷ್ಟ ಬಂದ್ರೆ ಇವ್ಳು ಬಾಯ್ ಬುಟ್ಟು ಯೋಳಾಕಿಲ್ಲ. ಎಂದೂ ಯೋಳಿಲ್ಲ. ಸದ್ದು ಬದಲಾಯ್ತದೆ, ಅಷ್ಟೇ. ಸ್ವಲ್ಪ ಕಿವಿ ಕೊಟ್ಕಂಡಿರಿ."

ಹಿತ್ತಲಲ್ಲಿ ಅಳದಿದ್ದ ಹುಡುಗಿ ಈಗ ಅತ್ತಳು. ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ. ಮನೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದ ಆ ಎಲ್ಲ ದಿನಗಳಲ್ಲೂ ಅಣ್ಣ ಮಗಳ ಸದ್ದಿಗೆ ಕಿವಿಗೊಟ್ಟೇ ಇದ್ದನೆಂದು ನನಗೆ ಆಗ ತಿಳಿಯಿತು. ಅವಳಿಗೂ ತಿಳಿಯಿತು.

ಮುಗಿಯಿತೆಂದು ನಾನು ಏಳಲು ಹೋದೆ. ಅಣ್ಣ ನನ್ನ ಭುಜ ಒತ್ತಿ ಕೂರಿಸಿದ. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿಕೊಂಡ. ನಿಧಾನವಾಗಿ, ಒಂದು ಕೂಸನ್ನು ಎತ್ತಿಕೊಂಡ ಹಾಗೆ. ಎರಡೂ ಮುಷ್ಟಿಯನ್ನು ಒಂದರ ಮುಂದೊಂದು ಹಿಡಿದು, ಮುಂದಕ್ಕೆ ಚಾಚಿದ, ನನ್ನ ಕಡೆಗಲ್ಲ, ನಂಜೇಗೌಡರ ಕಡೆಗೆ.

ನಂಜೇಗೌಡರಿಗೆ ಅರ್ಥವಾಗಲಿಲ್ಲ. ನಮಸ್ಕಾರವಿರಬೇಕೆಂದು ಅವರೂ ಕೈ ಮುಗಿದರು. ಅಣ್ಣ ತಲೆಯಾಡಿಸಿದ, ಕೈ ಇಳಿಸಲಿಲ್ಲ.

ನನಗೆ ಅರ್ಥವಾಗಿತ್ತು. ಕೊಪ್ಪರಿಗೆ ಕಲಕುವ ಸೌಟಿಗೆ ಆಳುದ್ದದ ಹಿಡಿಯಿರುತ್ತದೆ. ಕಲಕುವವನು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಪಾಕ ಸೀಯುತ್ತದೆ. ರಟ್ಟೆ ಸೋತಾಗ ಅವನು ಹಿಡಿಯನ್ನು ಪಕ್ಕದವನ ಕಡೆಗೆ ಹೀಗೆ ಚಾಚುತ್ತಾನೆ. ಪಕ್ಕದವನು ಎರಡೂ ಕೈಯಲ್ಲಿ ಹಿಡಿಯಬೇಕು. ಹಿಡಿದು, ಹಿಡಿದೆ ಎಂದು ಬಾಯಲ್ಲಿ ಹೇಳಬೇಕು. ಅಲ್ಲಿವರೆಗೂ ಮೊದಲಿನವನು ರಟ್ಟೆ ಬಿದ್ದುಹೋದರೂ ಬಿಡುವುದಿಲ್ಲ.

ಸೌಮ್ಯ ಮೂಗು ಒರೆಸಿಕೊಂಡಳು. ಚಿಕ್ಕಂದಿನಲ್ಲಿ ಆಲೆಮನೆಯಲ್ಲೇ ಆಡಿ ಬೆಳೆದವಳು. "ಮಾವ," ಎಂದಳು ನಂಜೇಗೌಡರಿಗೆ, "ಹಿಡ್ಕಳಿ. ನೀವು ಹಿಡಿಯಗಂಟ ಅಪ್ಪ ಬುಡಾಕಿಲ್ಲ."

ನಂಜೇಗೌಡರು ಮುಂದೆ ಬಂದರು. ಹೆಗಲ ಶಲ್ಯ ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಮೊಣಕಾಲೂರಿ ಕೂತು ಅಣ್ಣನ ಎರಡೂ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಅಣ್ಣ ಇನ್ನೂ ಬಿಡಲಿಲ್ಲ. ಅವರ ಬಾಯಿಯನ್ನೇ ನೋಡುತ್ತಿದ್ದ.

"ಬಾಯಲ್ಲಿ ಯೋಳ್ಬೇಕು ಬೀಗ್ರೇ," ಎಂದೆ ನಾನು, "ಹಿಡ್ದೆ ಅಂತ."

ಬಸ್ಸಿನಲ್ಲಿ ಜನ್ಮವೆಲ್ಲ ಕೂಗಿದ ಗಂಟಲು ಅವರದು. ಆದರೂ ಅದು ಅಣ್ಣನಿಗೆ, ನನಗೆ, ಸೌಮ್ಯಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಬಂತು.

"ಹಿಡ್ದಿವ್ನಿ ಬೀಗ್ರೇ. ಬುಡಿ."

ಅಣ್ಣ ಬಿಟ್ಟ.